ಮಾವ, ಅಂದ್ರೆ?

ಅವಳಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಮಕ್ಕಳ ರಕ್ಷಣಾ ಕಚೇರಿಯಲ್ಲಿ ಅಧ್ಯಕ್ಷರಿಂದ ಹಿಡಿದು ಗೇಟು ಕಾಯುವವನ ತನಕ ಎಲ್ಲರಿಗೂ ಅವಳು ಅಂದ್ರಕ್ಕ. ಯಾಕೆಂದರೆ ಅವಳೆದುರು ನೀವು ಏನೇ ಹೇಳಿ, ಟೈಪ್ ಮಾಡುತ್ತಿದ್ದ ಬೆರಳನ್ನು ಹಾಗೆಯೇ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನಿಮ್ಮನ್ನು ನೋಡಿ, "ಅಂದ್ರೆ?" ಎನ್ನುತ್ತಿದ್ದಳು.

"ಮಗು ಸುಸ್ತಾಗಿದೆ ಅಂತ ಬರ್ಕೊಳ್ಳಮ್ಮಾ."

"ಅಂದ್ರೆ? ಜ್ವರಾನಾ, ಹಸಿವಾ, ನಿದ್ದೆ ಇಲ್ದೇನಾ?"

"ಅಯ್ಯೋ, ಸುಸ್ತು ಅಂದ್ರೆ ಸುಸ್ತು!"

"ಅದೇ ಕೇಳಿದ್ದು. ಅಂದ್ರೆ?"

ಹೀಗೆ ತಲೆ ತಿಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನನಗಂತೂ ಬರುತ್ತಿತ್ತು. ನಾನು ಎರಡು ಬೀದಿ ಆಚೆಗಿನ ಶಾಲೆಯಲ್ಲಿ ಹೆಡ್‌ಮಿಸ್ಸು. ಪ್ರತಿ ತಿಂಗಳ ಎರಡನೇ ಗುರುವಾರ ಆ ಕಚೇರಿಯ ಸಮನ್ವಯ ಸಭೆಗೆ ಹನ್ನೊಂದು ವರ್ಷ ಹೋದವಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಸುಳ್ಳಲ್ಲ. ಈ ಕಥೆ ಹೇಳುವಾಗಲೂ ಅದು ಬರುತ್ತದೆ, ಸಹಿಸಿಕೊಳ್ಳಿ. ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಅಂದ್ರಕ್ಕನಿಗೆ ಆ ಚಟ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮೊದಲ ಕೆಲಸದಲ್ಲಿ, ಅವಳು ಒಂದು ಮಗುವಿನ ಹೇಳಿಕೆ ಟೈಪ್ ಮಾಡಿದ್ದಳು. ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದ ಮಗು. "ಓನರ್ರು ಹೊಡೆದ್ರು" ಎಂದಿತಂತೆ. ಇವಳು "ಹೊಡೆದರು" ಎಂದು ಟೈಪ್ ಮಾಡಿದಳು. ತಪ್ಪೇನಿದೆ ಹೇಳಿ? ಆಮೇಲೆ ಆ ಕಡೆಯ ವಕೀಲ ಎದ್ದು ನಿಂತು, ಹೊಡೆದರು ಎಂದರೆ ಎಷ್ಟು ಜನ, ಒಂದು ಕಡೆ ಒಬ್ಬ ಎಂದಿದೆ, ಇನ್ನೊಂದು ಕಡೆ ಹಲವರು ಎಂದಿದೆ, ಹೇಳಿಕೆಯಲ್ಲೇ ಗೊಂದಲವಿದೆ ಎಂದು ಎಳೆದಾಡಿದ. ಕೇಸು ಬಿದ್ದುಹೋಯಿತು. ಹೊಡೆದದ್ದು ಒಬ್ಬನೇ. ಹೊಡೆದವನಿಗೂ ಭಯಕ್ಕೆ ಬಹುವಚನ ಹಚ್ಚಿ ಮರ್ಯಾದೆ ಕೊಟ್ಟಿತ್ತು ಆ ಮಗು, ಅದೇ ಅದಕ್ಕೆ ಮುಳುವಾಯಿತು. "ಒಂದೇ ಒಂದು ಸಲ ಅಂದ್ರೆ ಅಂತ ಕೇಳಿದ್ರೆ ಆಗ್ತಿತ್ತು ಮೇಡಂ, ನನ್ನ ಬಾಯಿಗೇನಾಗಿತ್ತು?" ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಅಂದಿನಿಂದ ಅವಳ ಬಾಯಿ ಸುಮ್ಮನಿರಲಿಲ್ಲ.

ಅವಳ ಮೇಜು ಇದ್ದದ್ದು ಕಾರಿಡಾರಿನ ಕೊನೆಯಲ್ಲಿ. ಒಂದು ಪಕ್ಕ ನೀರಿನ ಫಿಲ್ಟರು, ಇನ್ನೊಂದು ಪಕ್ಕ ಬಾಗಿಲು ಕಿತ್ತ ಕಬ್ಬಿಣದ ಬೀರು, ಬೆನ್ನಿಗೆ ಸಭೆಯ ಕೋಣೆ. ಫಿಲ್ಟರಿನ ನಲ್ಲಿ ತೊಟ್ಟಿಕ್ಕುತ್ತಿದ್ದುದರಿಂದ ಅವಳ ಬಲಗಾಲಿನ ಚಪ್ಪಲಿ ವರ್ಷವಿಡೀ ಒದ್ದೆ. ಅದನ್ನು ರಿಪೇರಿ ಮಾಡಿಸಿ ಎಂದು ಅವಳೇ ಟೈಪ್ ಮಾಡಿದ ಅರ್ಜಿ ಅವಳ ಮೇಜಿಗೇ ಮೂರು ಸಲ ವಾಪಸ್ ಬಂದಿತ್ತು, "ಸಂಬಂಧಪಟ್ಟವರ ಗಮನಕ್ಕೆ" ಎಂಬ ಷರಾ ಹೊತ್ತು.

ಮನೆಯಲ್ಲಿ ಗಂಡ, ಒಬ್ಬಳು ಮಗಳು, ಮತ್ತು ಮಾವ. ಗಂಡನ ಅಪ್ಪ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮೂವತ್ತು ವರ್ಷ ಊರಿಗೆಲ್ಲ ಟಿಕೆಟ್ ಕೇಳಿದವರು ಈಗ ಒಂದು ಮಾತ್ರೆ ನುಂಗಲು ಮಗುವಿಗಿಂತ ಹೆಚ್ಚು ಹಟ ಮಾಡುತ್ತಿದ್ದರು. ದಿಂಬಿನ ಕವರಿನೊಳಗೆ ಬಚ್ಚಿಡುತ್ತಿದ್ದರಂತೆ. ಅದಕ್ಕೇ ಅಂದ್ರಕ್ಕ ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಫೋನು ಮಾಡಿ, ಇಡೀ ಕಾರಿಡಾರಿಗೆ ಕೇಳುವ ಹಾಗೆ ಕೂಗುತ್ತಿದ್ದಳು. "ಮಾವ, ಮಾತ್ರೆ ತಗೊಂಡ್ರಾ? ತಗೊಂಡೆ ಅಂದ್ರೆ? ನುಂಗಿದ್ರಾ, ಕೈಯಲ್ಲಿ ತಗೊಂಡ್ರಾ?"

ಈ ಫೋನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ಸಮನ್ವಯ ಸಭೆ. ದುಡಿಸಿಕೊಳ್ಳುವವರ ಕೈಯಿಂದ ಮಕ್ಕಳನ್ನು ಬಿಡಿಸಬೇಕಾದರೆ ಶಾಲೆ, ಪೊಲೀಸ್, ಕಾರ್ಮಿಕ ಇಲಾಖೆ, ಆಸ್ಪತ್ರೆ ನಾಲ್ಕೂ ಕೈ ಜೋಡಿಸಬೇಕು ಎಂದು ಮಾಡಿದ ಏರ್ಪಾಡು. ಒಳ್ಳೆಯ ಏರ್ಪಾಡೇ, ಬೇಡ ಎಂದವರು ಯಾರು? ಆದರೆ ನಡೆಯುತ್ತಿದ್ದುದೇನು? ಕಾರ್ಮಿಕ ನಿರೀಕ್ಷಕರು ಹೆಲ್ಮೆಟ್ಟನ್ನು ಮೇಜಿನ ನಡುವೆ ಇಟ್ಟು ಅದರ ಹಿಂದೆ ಕುಳಿತರೆ ಅವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಡಾಕ್ಟರಿಗೆ ಎರಡು ಫೋನು, ಒಂದು ನಿಂತರೆ ಇನ್ನೊಂದು. ಮಹಿಳಾ ಪೊಲೀಸ್ ಅಧಿಕಾರಿ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದರೆ ಏಳುವುದು ಸಭೆ ಮುಗಿದ ಮೇಲೆಯೇ. ಅಧ್ಯಕ್ಷರಿಗೆ ಇದ್ದದ್ದು ಒಂದೇ ಚಿಂತೆ, ಕಚೇರಿಯ ಏಕೈಕ ವಾಹನ ನಾಲ್ಕು ಗಂಟೆಗೆ ವಾಪಸ್ ಬರಬೇಕು. ನಾಲ್ಕು ಇಲಾಖೆಗೆ ನಾಲ್ಕು ನಮೂನೆ. ಪ್ರಶ್ನೆಗಳು ಅವೇ, ಕ್ರಮ ಬೇರೆ. ಬರೆದು ಬರೆದು ಕೈ ನೋಯುತ್ತದಲ್ಲ, ಅದಕ್ಕೆ ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದುಕೊಳ್ಳುವುದು ನಿಧಾನವಾಗಿ ರೂಢಿಯಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ನಮ್ಮಲ್ಲಿ ಕಟ್ಟಿ, ಕರುವಿಗೊಂದು ನಂಬರನ್ನೂ ಕೊಟ್ಟುಬಿಡುತ್ತಿದ್ದೆವು.

ಹೀಗಿರುವಾಗ ಆ ಹುಡುಗಿಯ ವಿಷಯ ಬಂತು.

ನನ್ನ ಶಾಲೆಯ ಆರನೇ ತರಗತಿ. ಹನ್ನೆರಡು ವರ್ಷ. ವಾರಕ್ಕೆ ಎರಡು ದಿನ ಬಂದರೆ ಹೆಚ್ಚು, ಬಂದ ದಿನವೂ ಎರಡನೇ ಪಿರಿಯಡ್ಡಿಗೆ ಡೆಸ್ಕಿನ ಮೇಲೆ ತಲೆ. ಒಂದು ಸೋಮವಾರ ಟೀಚರು ಎಬ್ಬಿಸಲು ಹೆಗಲು ಮುಟ್ಟಿದರೆ ಅವರ ಬೆರಳಿಗೆ ಸೂಜಿ ಚುಚ್ಚಿತು. ಹುಡುಗಿಯ ಕಾಲರಿನಲ್ಲಿ ದಾರ ಪೋಣಿಸಿದ ಸೂಜಿ ಸಿಕ್ಕಿಸಿಕೊಂಡಿತ್ತು. ನನ್ನ ಕೋಣೆಗೆ ಕರೆತಂದರು. ಕೈ ತೋರಿಸು ಎಂದೆ. ಎಡಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕಪ್ಪಾಗಿ ಗಟ್ಟಿಯಾಗಿದ್ದವು.

"ಮನೇಲಿ ಏನು ಕೆಲಸ ಮಾಡ್ತೀಯಾ?"

"ಅತ್ತೆಗೆ ಸಹಾಯ ಮಾಡ್ತೀನಿ."

"ಯಾರಾದ್ರೂ ಹೊಡೀತಾರಾ?"

"ಇಲ್ಲ. ಮಾವ ತುಂಬಾ ಒಳ್ಳೆಯವರು."

ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು. ನನಗೆ ಅನುಮಾನ ಬಂತು. ಕೂಡಲೇ ಕಚೇರಿಗೆ ಫೋನು ಮಾಡಿದೆ. ಅಂದೇ ಸಂಜೆಗೆ ಅವಳನ್ನು ಮಕ್ಕಳ ವಸತಿಗೃಹಕ್ಕೆ ಸೇರಿಸಿದರು. ನಾಲ್ಕೂ ಇಲಾಖೆ ಮೂರು ದಿನದೊಳಗೆ ವಿಚಾರಿಸಿ ಗುರುವಾರದ ಸಭೆಗೆ ವರದಿ ಕೊಡಬೇಕೆಂದು ಆಯಿತು. ಪರವಾಗಿಲ್ಲವಲ್ಲ, ಬೇಗ ಎದ್ದರಲ್ಲ ಎಂದು ನಾನು ಬೆನ್ನು ತಟ್ಟಿಕೊಂಡೆ.

ಗುರುವಾರ ಸಭೆಗೆ ಹೋಗುವಾಗ ಕಾರಿಡಾರಿನ ಈಚೆ ತುದಿಯ ಬೆಂಚಿನ ಮೇಲೆ ಒಬ್ಬ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೇಲಿನ ಗುಂಡಿಯ ತನಕ ಹಾಕಿದ್ದ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ನನ್ನನ್ನು ಕಂಡು ಎದ್ದು ನಿಂತ. "ನಮಸ್ಕಾರ ಮೇಡಂ. ತಂಗಿ ಮಗಳು ನಾಲ್ಕಕ್ಷರ ಕಲೀಲಿ ಅಂತ ತಂದಿಟ್ಕೊಂಡೆ. ಈಗ ನೋಡಿ, ನನ್ನನ್ನೇ ಕಳ್ಳನ ಥರ ಕೂರಿಸಿದಾರೆ." ದನಿಯಲ್ಲಿ ನಿಜವಾದ ನೋವಿತ್ತು. ನನಗೆ ಒಂದು ಗಳಿಗೆ ಅಯ್ಯೋ ಎನ್ನಿಸಿತು. ಆ ಒಂದು ಗಳಿಗೆಗೆ ನಾನು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಒಳಗೆ ಸಭೆ ಹತ್ತೇ ನಿಮಿಷದಲ್ಲಿ ಮುಗಿಯುವಂತಿತ್ತು. ಪೊಲೀಸ್ ವರದಿ: ಬಾಲಕಿ ಸೋದರಮಾವನ ಮನೆಯಲ್ಲಿ ವಾಸ. ಆಸ್ಪತ್ರೆಯ ವರದಿ: ಪೋಷಕ, ಸೋದರಮಾವ, ರಕ್ತ ಕಡಿಮೆ, ಮಾತ್ರೆ ಕೊಟ್ಟಿದೆ. ಕಾರ್ಮಿಕ ಇಲಾಖೆಯ ವರದಿ: ಮನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವ ಸಣ್ಣ ಕೆಲಸವಿದೆ, ಮಕ್ಕಳು ಬಿಡುವಿನ ವೇಳೆಯಲ್ಲಿ ಸೋದರಮಾವನಿಗೆ ನೆರವಾಗುತ್ತಾರೆ, ಸ್ವಂತ ಕುಟುಂಬಕ್ಕೆ ಕೈ ನೆರವಾದರೆ ನಿಯಮದ ಪ್ರಕಾರ ಅದು ದುಡಿಮೆಯಲ್ಲ. ಶಾಲೆಯ ದಾಖಲೆ: ಪೋಷಕ, ಸೋದರಮಾವ.

"ನಾಲ್ಕೂ ವರದಿ ಒಂದೇ ಹೇಳ್ತಿವೆ. ಸಮನ್ವಯ ಅಂದ್ರೆ ಇದು!" ಎಂದು ಅಧ್ಯಕ್ಷರು ಸಂತೋಷಪಟ್ಟರು. ಹುಡುಗಿಯನ್ನು ಸೋದರಮಾವನಿಗೆ ಒಪ್ಪಿಸುವ ಆದೇಶ ಟೈಪ್ ಮಾಡಲು ಅಂದ್ರಕ್ಕನಿಗೆ ಹೇಳಿ ಕಳಿಸಿದರು. ಸಹಿಯಾದರೆ ಮುಗಿಯಿತು, ಅವಳು ವಾಪಸ್ ಅದೇ ಮನೆಗೆ. ನನಗೆ ಒಳಗೊಳಗೇ ಕಸಿವಿಸಿ. ಆದರೆ ನಾಲ್ಕು ಕಡೆಯ ಮೊಹರಿನ ಎದುರು ನನ್ನ ಅನುಮಾನಕ್ಕೆ ಏನು ಬೆಲೆ?

ಹೊರಗೆ ನಡೆದದ್ದನ್ನು ಅಂದ್ರಕ್ಕ ಆಮೇಲೆ ಹೇಳಿದಳು. ಅವಳು ಒಂದು ಅಕ್ಷರ ಮರೆಯುವವಳಲ್ಲ, ಅದಕ್ಕೇ ಹಾಗೆಯೇ ಬರೆಯುತ್ತಿದ್ದೇನೆ.

ಹುಡುಗಿಯನ್ನು ವಸತಿಗೃಹದಿಂದ ಕರೆತಂದು ಅಂದ್ರಕ್ಕನ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿದ್ದರು. ಬೇರೆ ಜಾಗವೇ ಇರಲಿಲ್ಲ. ಅಂದ್ರಕ್ಕ ಆದೇಶದ ಅರ್ಧಕ್ಕೆ ಬಂದಿದ್ದಳು, "ಸದರಿ ಬಾಲಕಿಯನ್ನು ಆಕೆಯ ಸೋದರಮಾವನ" ಎಂಬಲ್ಲಿಗೆ. ಆಗ ಹನ್ನೆರಡೂವರೆ ಆಯಿತು. ಕೆಲಸ ನಿಲ್ಲಿಸಿ ಮನೆಗೆ ಫೋನು ಮಾಡಿದಳು.

"ಮಾವ, ಮಾತ್ರೆ ತಗೊಂಡ್ರಾ? ದಿಂಬು ಕೊಡವಿ ನೋಡ್ತೀನಿ ಬಂದು, ಹುಷಾರ್!"

ಫೋನು ಇಟ್ಟಳು. ಅಷ್ಟು ಹೊತ್ತು ತುಟಿ ಬಿಚ್ಚದೆ ಕುಳಿತಿದ್ದ ಹುಡುಗಿ ಮೆಲ್ಲಗೆ ಕೇಳಿದಳು. "ನಿಮಗೂ ಮಾವ ಇದಾರಾ?"

"ಇದಾರಲ್ಲ, ನನ್ನ ಪ್ರಾಣ ಹಿಂಡೋಕೆ."

ಹುಡುಗಿ ತಲೆಯಾಡಿಸಿದಳು. ಅರ್ಥವಾಯಿತು ಎನ್ನುವ ಹಾಗೆ. "ದಿನಕ್ಕೆ ಎಷ್ಟು ಅಂಗಿ ಕೊಡ್ತಾರೆ ನಿಮಗೆ?"

ಅಂದ್ರಕ್ಕನ ಕೈ ಕೀಲಿಗಳ ಮೇಲೆ ನಿಂತಿತು. "ಅಂದ್ರೆ?"

"ನಮ್ಮ ಮಾವ ನಲವತ್ತು ಕೊಡ್ತಾರೆ. ಸ್ಕೂಲಿಗೆ ಬಿಟ್ಟ ದಿನ ಇಪ್ಪತ್ತೈದು. ನೀವು ದೊಡ್ಡವರು, ಜಾಸ್ತಿ ಇರುತ್ತೆ ಅಲ್ವಾ?"

"ಯಾವ ಮಾವ? ನಿಮ್ಮಮ್ಮನ ಅಣ್ಣಾನಾ, ತಮ್ಮಾನಾ?"

"ಅಮ್ಮಂಗೆ ಅಣ್ಣ ತಮ್ಮ ಯಾರೂ ಇಲ್ಲ."

"ಮತ್ತೆ ಮಾವ ಅಂತೀಯಲ್ಲ?"

"ಹಾಗೇ ಅನ್ಬೇಕು. ಹೋದ ದಿನಾನೇ ಹೇಳ್ಕೊಡ್ತಾರೆ. ಅವರಿಗೆ ಮಾವ, ಅವರ ಮನೆಯವರಿಗೆ ಅತ್ತೆ. ಮರೆತರೆ ಊಟ ಇಲ್ಲ."

"ನಿಮ್ಮಮ್ಮ ಅವರನ್ನ ಏನಂತ ಕರೀತಾಳೆ?"

"ಸಾರ್ ಅಂತಾಳೆ."

ಒಡಹುಟ್ಟಿದ ಅಣ್ಣನನ್ನು ಸಾರ್ ಎನ್ನುವ ತಂಗಿ ಈ ಪ್ರಪಂಚದಲ್ಲಿ ಎಲ್ಲಿದ್ದಾಳೆ? ಆ ಮಗುವಿನ ತಲೆಯಲ್ಲಿ ಮಾವ ಎಂದರೆ ಸಂಬಂಧವಲ್ಲ, ಕೆಲಸ ಕೊಡುವವನ ಹುದ್ದೆ. ಊರಿನಲ್ಲಿ ಎಲ್ಲರಿಗೂ ಒಬ್ಬೊಬ್ಬ ಮಾವ ಇರುತ್ತಾನೆ, ಎಲ್ಲರಿಗೂ ಅಂಗಿ ಎಣಿಸಿ ಕೊಡುತ್ತಾನೆ ಎಂದೇ ಅವಳು ತಿಳಿದಿದ್ದಳು.

ಅಂದ್ರಕ್ಕ ಟೈಪಾದ ಅರ್ಧ ಹಾಳೆಯನ್ನೂ ಮೇಜಿನ ಮೇಲಿದ್ದ ಕಡತವನ್ನೂ ಎತ್ತಿಕೊಂಡು, ಒದ್ದೆ ಚಪ್ಪಲಿಯಲ್ಲಿ ಚಪ್‌ಚಪ್ ಎನ್ನುತ್ತಾ ಸಭೆಯ ಕೋಣೆಗೆ ನುಗ್ಗಿದಳು. ಬಾಗಿಲು ತಟ್ಟುವ ಮರ್ಯಾದೆ ಎಲ್ಲ ಆ ದಿನ ಇರಲಿಲ್ಲ.

"ಸಾರ್, ಸೋದರಮಾವ ಅಂದ್ರೆ?"

ಅಧ್ಯಕ್ಷರು ಹಣೆ ಚಚ್ಚಿಕೊಂಡರು. "ಶುರುವಾಯ್ತಾ? ಸೋದರಮಾವ ಅಂದ್ರೆ ಅಮ್ಮನ ಅಣ್ಣ ಅಥವಾ ತಮ್ಮ ಕಣಮ್ಮಾ! ಇದಕ್ಕೂ ನಿಘಂಟು ಬೇಕಾ? ಟೈಪ್ ಮಾಡಿ ತನ್ನಿ, ವಾಹನ ಕಾಯ್ತಾ ಇದೆ."

"ಇವನು ಅಮ್ಮನ ಅಣ್ಣ ಅಂತ ನಿಮಗೆ ಯಾರು ಹೇಳಿದ್ರು?"

"ನಾಲ್ಕು ವರದಿ ಇದೆಯಲ್ಲ!"

"ಆಯ್ತು," ಎಂದು ಅವಳು ಹೆಲ್ಮೆಟ್ಟನ್ನು ಎತ್ತಿ ನೆಲದ ಮೇಲಿಟ್ಟಳು. ಕಾರ್ಮಿಕ ನಿರೀಕ್ಷಕರ ಮುಖ ಹನ್ನೊಂದು ವರ್ಷದಲ್ಲಿ ಮೊದಲ ಸಲ ಪೂರ್ತಿ ಕಂಡಿತು. "ಸಾರ್, ನಿಮಗೆ ಹೇಗೆ ಗೊತ್ತಾಯ್ತು?"

"ಪೊಲೀಸ್ ಪತ್ರದಲ್ಲಿತ್ತು. ಮಕ್ಕಳೂ ಮಾವ ಅಂದ್ವು."

"ಮೇಡಂ, ನಿಮಗೆ?"

ಪೊಲೀಸ್ ಮೇಡಂ ಫ್ಯಾನಿನ ಕೆಳಗೆ ಕುಳಿತೇ ಬೆವರಿದರು. "ಶಾಲೆಯವರ ದೃಢೀಕರಣ ಇತ್ತು."

"ಡಾಕ್ಟ್ರೇ?"

"ನಾನು ರಕ್ತ ನೋಡ್ತೀನಮ್ಮ, ರಕ್ತಸಂಬಂಧ ಅಲ್ಲ. ಪೊಲೀಸರ ಕಾಗದ ನೋಡಿ ತುಂಬಿಸಿದೆ."

"ಅಂದ್ರೆ ಇದು ನಾಲ್ಕು ವರದಿ ಅಲ್ಲ ಸಾರ್. ಒಂದೇ ವರದಿ, ನಾಲ್ಕು ಮೊಹರು." ಆಮೇಲೆ ನನ್ನ ಕಡೆ ತಿರುಗಿದಳು. "ಮೇಡಂ, ನಿಮ್ಮ ದಾಖಲಾತಿ ಪುಸ್ತಕದಲ್ಲಿ ಸೋದರಮಾವ ಅಂತ ಬರೆದಿದ್ದು ಯಾರು?"

ನಾನು. ನಾನೇ ಬರೆದದ್ದು. ಒಂದೂವರೆ ವರ್ಷದ ಹಿಂದೆ, ದಾಖಲಾತಿಯ ಗಡಿಬಿಡಿಯಲ್ಲಿ. ಅವನೂ ಹುಡುಗಿಯೂ ನನ್ನ ಮೇಜಿನ ಮುಂದೆ ನಿಂತಿದ್ದರು. ಇವರು ನಿನಗೆ ಏನಾಗಬೇಕು ಎಂದು ಕೇಳಿದೆ. "ಮಾವ" ಎಂದಳು. ಬರೀ ಮಾವ ಎಂದು ಬರೆದರೆ ತಪಾಸಣೆಗೆ ಬರುವವರು ಯಾವ ಮಾವ ಎಂದು ರೇಗುತ್ತಾರೆ. ಹನ್ನೊಂದು ವರ್ಷದ ಹುಡುಗಿಗೆ ಗಂಡನ ಅಪ್ಪ ಇರುವುದಿಲ್ಲ, ಹಾಗಾದರೆ ಸೋದರಮಾವನೇ ಇರಬೇಕು ಎಂದು ಲೆಕ್ಕ ಹಾಕಿ, ಮಾವನ ಹಿಂದೆ ಒಂದು ಸೋದರ ಸೇರಿಸಿದೆ. ಎಷ್ಟು ಜಾಣತನ ನೋಡಿ. ಅವನು ಹೇಳಿರಲೂ ಇಲ್ಲ. ಎದುರಿಗೇ ನಿಂತು, ನಾನು ಬರೆಯುವುದನ್ನು ನೋಡಿ, ಸುಮ್ಮನೆ ನಕ್ಕಿದ್ದ. ಅವನಿಗೆ ಬೇಕಾದ ಕಾಗದವನ್ನು ನನ್ನ ಕೈಯಿಂದಲೇ, ನನ್ನ ಪೆನ್ನಿನಿಂದಲೇ ಕೊಟ್ಟು ಕಳಿಸಿದ್ದೆ.

ಇದನ್ನೆಲ್ಲ ನಾನು ಕೂಡಲೇ ಒಪ್ಪಿಕೊಂಡೆ ಎಂದುಕೊಂಡಿರಾ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಏನಮ್ಮಾ, ನನ್ನನ್ನೇ ಪ್ರಶ್ನೆ ಮಾಡ್ತೀಯಾ? ಮೂವತ್ತು ವರ್ಷದಿಂದ ದಾಖಲಾತಿ ಬರೀತಿದೀನಿ!" ಎಂದು ಹಾರಾಡಿದೆ.

"ಬೈಯಿರಿ ಮೇಡಂ, ಆಮೇಲೆ. ಮಗು ಏನಂದಿತ್ತು ಅಷ್ಟು ಹೇಳಿ."

"ಮಾವ ಅಂದಿತ್ತು."

"ಅಂದ್ರೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ.

ಅಷ್ಟಾದರೂ ಅಧ್ಯಕ್ಷರಿಗೆ ಸಮಾಧಾನವಿಲ್ಲ. ಮಗು ಹೇಳಿತು ಎಂದು ನಾಲ್ಕು ಇಲಾಖೆಯ ದಾಖಲೆ ಬದಲಿಸಲು ಬರುತ್ತದೆಯೇ, ಹೊಸದಾಗಿ ವಿಚಾರಣೆಗೆ ಬರೆಯೋಣ, ಮುಂದಿನ ಎರಡನೇ ಗುರುವಾರ ನೋಡೋಣ, ಅಲ್ಲಿಯ ತನಕ ಹುಡುಗಿ ಮನೆಯಲ್ಲಿರಲಿ ಎಂದು ರಾಗ ಎಳೆದರು. ಮನೆಯಲ್ಲಿ ಎಂದರೆ? ಅವನ ಮನೆಯಲ್ಲಿ! ಒಂದು ತಿಂಗಳು! ನನ್ನ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಂದ್ರಕ್ಕ ಕಡತದಿಂದ ಕಾರ್ಮಿಕ ಇಲಾಖೆಯ ವರದಿ ಎಳೆದಳು. ಕಡತ ಓದುವ ಅಭ್ಯಾಸ ಆ ಕಚೇರಿಯಲ್ಲಿ ಇದ್ದದ್ದು ಅವಳೊಬ್ಬಳಿಗೇ.

"ಒಂದು ತಿಂಗಳು ಯಾಕೆ ಸಾರ್, ಒಂದು ನಿಮಿಷ ಸಾಕು. ಅವನನ್ನ ಒಳಗೆ ಕರೀರಿ. ಅವನಿಗೆ ಎಷ್ಟು ಜನ ಅಕ್ಕತಂಗಿಯರು ಅಂತ ಕೇಳಿ, ಅಷ್ಟೇ."

ಕರೆದರು. ಬಿಸ್ಕತ್ತಿನ ಪೊಟ್ಟಣದ ಸಮೇತ ಬಂದ. ಅಧ್ಯಕ್ಷರು ಬೇಸರದಿಂದಲೇ ಕೇಳಿದರು. ಅವನ ಕಣ್ಣು ತುಂಬಿ ಬಂತು.

"ಒಬ್ಬಳೇ ಸಾರ್. ಒಡಹುಟ್ಟಿದವಳು ಅಂತ ಇರೋದು ಅವಳೊಬ್ಬಳೇ. ಅವಳ ಮಗಳನ್ನ ಬೀದಿಗೆ ಬಿಡೋಕಾಗುತ್ತಾ?"

"ಸರಿ," ಎಂದು ಅಂದ್ರಕ್ಕ ವರದಿ ಓದಿದಳು. "ಆ ಮನೆಯಲ್ಲಿರುವ ಮಕ್ಕಳು, ಈ ಬಾಲಕಿಯೂ ಸೇರಿ, ಆರು. ವಯಸ್ಸು ಹತ್ತು, ಹನ್ನೊಂದು, ಹನ್ನೊಂದು, ಹನ್ನೆರಡು, ಹನ್ನೆರಡು, ಹದಿಮೂರು. ಮೊದಲ ಸಾಲಲ್ಲಿ ಸಂಬಂಧ: ಸೋದರಮಾವ. ಉಳಿದ ಐದು ಸಾಲಲ್ಲಿ: ಸದರಿ, ಸದರಿ, ಸದರಿ, ಸದರಿ, ಸದರಿ." ಹಾಳೆ ಕೆಳಗಿಟ್ಟಳು. "ಒಬ್ಬಳೇ ತಂಗಿ. ನಾಲ್ಕು ವರ್ಷದೊಳಗೆ ಆರು ಮಕ್ಕಳು. ಗಟ್ಟಿಗಿತ್ತಿ ನಿಮ್ಮ ತಂಗಿ."

ಅವನು ಒಂದು ಸಲ ಬಾಗಿಲು ನೋಡಿದ, ಒಂದು ಸಲ ನನ್ನನ್ನು ನೋಡಿದ.

"ಅವಳಿ ಜವಳಿ ಸಾರ್," ಎಂದ.

ಡಾಕ್ಟರು ಎರಡೂ ಫೋನುಗಳನ್ನು ಮಗುಚಿ ಇಟ್ಟರು. "ಎಷ್ಟು ಸಲ ಅವಳಿ? ಹನ್ನೊಂದರದು ಒಂದು ಜೋಡಿ, ಹನ್ನೆರಡರದು ಒಂದು ಜೋಡಿ, ಹಿಂದೆ ಒಂದು, ಮುಂದೆ ಒಂದು. ನಾಲ್ಕು ವರ್ಷಕ್ಕೆ ನಾಲ್ಕು ಹೆರಿಗೆ. ಯಾವ ಆಸ್ಪತ್ರೆಯಲ್ಲಿ ಅಂತ ಹೇಳಪ್ಪ, ನಾನೇ ಫೋನ್ ಮಾಡಿ ವಿಚಾರಿಸ್ತೀನಿ."

ಅವನು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ. ಪೊಲೀಸ್ ಮೇಡಂ ಫ್ಯಾನಿನ ಕೆಳಗಿನಿಂದ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು. ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲೆಯೇ ಉಳಿಯಿತು.

ಆಮೇಲಿನದು ನಿಜವಾದ ಸಮನ್ವಯ ಎಂದು ಹೇಳಲು ನನಗೂ ಆಸೆ. ಆದರೆ ಹೊರಡುವ ಮುಂಚೆ ವಾಹನ ಯಾವ ಇಲಾಖೆಯ ಲೆಕ್ಕಕ್ಕೆ ಎಂದು ಕಾಲು ಗಂಟೆ ಜಗಳವಾಯಿತು. ನಾಲ್ಕು ಗಂಟೆಗೆ ವಾಪಸ್ ಬಾರದಿದ್ದರೆ ಯಾರು ಹೊಣೆ ಎಂದು ಇನ್ನೊಂದು ಕಾಲು ಗಂಟೆ. ಅಲ್ಲಿ ಐದು ಮಕ್ಕಳು ಸೂಜಿ ಹಿಡಿದು ಕುಳಿತಿವೆ, ಇವರಿಗೆ ಲಾಗ್ ಪುಸ್ತಕದ ಚಿಂತೆ! ಕೊನೆಗೆ ನಾನೇ ಆ ಪುಸ್ತಕ ಕಿತ್ತುಕೊಂಡು, "ಶಾಲೆಯ ಹೊಣೆ" ಎಂದು ಬರೆದು ಸಹಿ ಹಾಕಿದೆ. ಅದು ನಿಯಮಕ್ಕೆ ವಿರುದ್ಧ ಎಂದು ಆಮೇಲೆ ನನಗೆ ಎರಡು ನೋಟಿಸು ಬಂದವು. ಬರಲಿ. ನಾನು ಬರೆದ ಇನ್ನೊಂದು ಪದಕ್ಕೆ ಯಾರೂ ನೋಟಿಸು ಕೊಡಲಿಲ್ಲವಲ್ಲ. ಐದು ಗಂಟೆಯೊಳಗೆ ಐದೂ ಮಕ್ಕಳು ಬಂದವು. ಎಲ್ಲರ ಕಾಲರಿನಲ್ಲೂ ಸೂಜಿ ಇತ್ತು. ಪೊಲೀಸ್ ಮೇಡಂ ಒಂದೊಂದಾಗಿ ತೆಗೆದು ಕಾಗದಕ್ಕೆ ಚುಚ್ಚಿಟ್ಟರು.

ಹುಡುಗಿಯನ್ನು ಮತ್ತೆ ವಸತಿಗೃಹಕ್ಕೆ ಕಳಿಸುವ ಹೊತ್ತಿಗೆ ಅವಳು ಅಂದ್ರಕ್ಕನ ಮುಂದೆ ಬಂದು ನಿಂತಳು. ಇವತ್ತಿನಿಂದ ಮಾವನ ಮನೆಗೆ ಹೋಗಬೇಕಾಗಿಲ್ಲ ಎಂದು ಅವಳಿಗೆ ಹೇಳಿದ್ದೆವು. ಖುಷಿಯಾಗುತ್ತಾಳೆ ಎಂದು ನಾವು ಕಾಯುತ್ತಿದ್ದರೆ, ಅವಳು ಕೈಕಟ್ಟಿಕೊಂಡು ಕೇಳಿದಳು.

"ಇನ್ಮೇಲೆ ನಿಮ್ಮನ್ನ ಅತ್ತೆ ಅನ್ಬೇಕಾ?"

ಅಂದ್ರಕ್ಕ ಎದ್ದುಹೋಗಿ ಫಿಲ್ಟರಿನ ನಲ್ಲಿಯಲ್ಲಿ ಮುಖ ತೊಳೆದಳು. ವಾಪಸ್ ಬಂದು, "ಬೇಡ. ನನ್ನನ್ನ ಯಾರೂ ಏನೂ ಅನ್ನಬೇಕಾಗಿಲ್ಲ. ನಿಮ್ಮಮ್ಮನ್ನ ಕರೆಸ್ತೀವಿ," ಎಂದಳು.

ಅಮ್ಮನನ್ನು ಹುಡುಕಲು ಒಂದು ವಾರ ಬೇಕಾಯಿತು. ತಾಯಿಯದು ಎಂದು ಅವನು ಕೊಟ್ಟಿದ್ದ ಫೋನ್ ನಂಬರು ಅವನ ಹೆಂಡತಿಯದೇ ಆಗಿತ್ತು. ಆ ನಂಬರಿಗೆ ಮಕ್ಕಳ ರಕ್ಷಣಾ ಕಚೇರಿಯಿಂದಲೇ ಯಾರೋ ಫೋನು ಮಾಡಿ, "ತಾಯಿ ಒಪ್ಪಿದ್ದಾರೆ" ಎಂದು ಷರಾ ಬರೆದಿದ್ದರು. ಕೇಳಿದರೆ ಹಲ್ಲು ಕಡಿಯುವಂತಾಗುತ್ತದೆ, ಅಲ್ಲವೇ? ಕೊನೆಗೆ ಹುಡುಗಿ ನೆನಪಿಟ್ಟುಕೊಂಡಿದ್ದ ಒಂದು ಬಸ್ ನಿಲ್ದಾಣದ ಗುರುತಿನಿಂದ ಪೊಲೀಸ್ ಮೇಡಂ ತಾಯಿಯನ್ನು ಪತ್ತೆಮಾಡಿದರು. ಆ ಬಸ್ಸು ಯಾವ ದಾರಿಯದು ಎಂದು ಹೇಳಿದ್ದು ಅಂದ್ರಕ್ಕನ ಮಾವ, ಹಳೆಯ ಕಂಡಕ್ಟರು. ಅಂದು ಅವರು ಮಾತ್ರೆಯನ್ನು ತಾವಾಗಿಯೇ ನುಂಗಿದರಂತೆ.

ಶನಿವಾರ ತಾಯಿ ಬಂದಳು. ಎರಡು ಬಸ್ಸು ಬದಲಿಸಿ, ನಾಲ್ಕು ಮನೆಯ ಪಾತ್ರೆ ತೊಳೆಯುವ ಕೆಲಸಕ್ಕೆ ರಜೆ ಹಾಕಿ. "ಓದಿಸ್ತೀನಿ ಅಂದ್ರು ಸಾರ್‌ರು. ಪರೀಕ್ಷೆ ಇದೆ, ಈಗ ಬರ್ಬೇಡ ಅಂದ್ರು. ಎರಡು ಸಲ ಬಂದೆ, ಸ್ಕೂಲಲ್ಲಿದಾಳೆ ಅಂತ ಬಾಗಿಲಿಂದಲೇ ಕಳಿಸಿದ್ರು," ಎಂದಳು. ಇನ್ನೂ ಅವನಿಗೆ ಬಹುವಚನ. ನಾನು ಬೈಯಬೇಕೆಂದಿದ್ದೆ, ಹೆತ್ತ ಮಗಳನ್ನು ಹೀಗೆ ಯಾರದೋ ಕೈಗೆ ಕೊಡುತ್ತಾರಾ ಎಂದು. ಅವಳ ಕೈ ನೋಡಿ ಬಾಯಿ ಬರಲಿಲ್ಲ. ಅವನು ತೋರಿಸಿದ ದಾಖಲಾತಿ ಕಾಗದದಲ್ಲಿ ನನ್ನ ಶಾಲೆಯ ಮೊಹರು ನೋಡಿಯೇ ತಾನೇ ಅವಳು ನಂಬಿದ್ದು.

ಹುಡುಗಿಯನ್ನು ಕರೆಸಿದರು. ಬಾಗಿಲಲ್ಲಿ ತಾಯಿಯನ್ನು ಕಂಡು ಅಲ್ಲಿಯೇ ನಿಂತುಬಿಟ್ಟಳು. ಓಡಿಹೋಗಬಹುದೋ ಬೇಡವೋ ಎಂದು ನಮ್ಮೆಲ್ಲರ ಮುಖ ನೋಡಿದಳು. ಇಲ್ಲಿ ಮೊದಲು ನಮೂನೆ, ಆಮೇಲೆ ಉಳಿದದ್ದು ಎಂದು ಅವಳಿಗೂ ಅಷ್ಟರಲ್ಲಿ ತಿಳಿದಿತ್ತು. ಅಧ್ಯಕ್ಷರು ನಮೂನೆ ಎಳೆದುಕೊಂಡರು. ಅಂದ್ರಕ್ಕ ಕೀಲಿಗಳ ಮೇಲೆ ಬೆರಳಿಟ್ಟಳು.

"ಇವರು ನಿನಗೆ ಏನಾಗಬೇಕಮ್ಮಾ?"

"ಅಮ್ಮ."

ಯಾರೂ ಏನೂ ಕೇಳಲಿಲ್ಲ. ಅಂದ್ರಕ್ಕನೂ ಕೇಳಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹುಡುಗಿ ಅವಳ ನಿಂತ ಬೆರಳುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾವು ಎಲ್ಲಿ ಮತ್ತೆ ತಪ್ಪು ಬರೆದುಕೊಳ್ಳುತ್ತೇವೋ ಎಂಬ ಹೆದರಿಕೆ ಆ ಮುಖದಲ್ಲಿತ್ತು.

"ಅಂದ್ರೆ, ನನ್ನನ್ನ ಹೆತ್ತೋಳು," ಎಂದಳು.

"ಸಾಕಮ್ಮಾ, ಅಮ್ಮ ಅಂತ ಇದ್ರೆ ಸಾಕು," ಎಂದರು ಅಧ್ಯಕ್ಷರು.

ಅಂದ್ರಕ್ಕ ಎರಡನ್ನೂ ಟೈಪ್ ಮಾಡಿದಳು.